ಹದಿನಾಲ್ಕು ವರ್ಷದ ಲೆಕ್ಕ ಬರೆಯುವವರು ಯಾರು?

ದೊಡ್ಡದೊಂದು ಕೊಲೆ ಪ್ರಕರಣದ ತೀರ್ಪು ಬಂದ ಸಂಜೆ ನಮ್ಮೂರುಗಳ ಹೋಟೆಲು, ಬಸ್ ನಿಲ್ದಾಣಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಜೀವಾವಧಿ ಅಂದ್ರೆ ಏನ್ ಮಹಾ, ಹದಿನಾಲ್ಕು ವರ್ಷ ಮುದ್ದೆ ಮುರಿದು ಆಚೆ ಬರ್ತಾನೆ.’ ಪಕ್ಕದಲ್ಲಿ ಕೂತವರು ಇನ್ನೂ ಬಲ್ಲವರಾದರೆ ಅದನ್ನೂ ಅರ್ಧಕ್ಕಿಳಿಸುತ್ತಾರೆ: ‘ಹದಿನಾಲ್ಕೆಲ್ಲಿ ಸ್ವಾಮಿ, ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ. ಏಳೇ ವರ್ಷ.’

ಎರಡೂ ಸುಳ್ಳು. ಹಗಲು-ರಾತ್ರಿಯ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ಹದಿನಾಲ್ಕು ಎಂಬ ಸಂಖ್ಯೆ ಕಾನೂನಿನಲ್ಲಿದೆ, ಆದರೆ ಶಿಕ್ಷೆ ಮುಗಿಯುವ ದಿನವೆಂದು ಅಲ್ಲ. ಕೊಲೆಯಂಥ ಅಪರಾಧದಲ್ಲಿ ಜೀವಾವಧಿಗೆ ಒಳಗಾದ ಕೈದಿಯ ಕಡತವನ್ನು ಬಿಡುಗಡೆಗಾಗಿ ಸರ್ಕಾರ ಬಿಚ್ಚಿ ನೋಡಬಹುದಾದ ಮೊದಲ ದಿನ ಅದು. ನೋಡಿದ ಮೇಲೆ ಬಿಡಲೇಬೇಕೆಂದಿಲ್ಲ. ನೋಡುವುದೇ ಎರಡು ಮೂರು ವರ್ಷ ತಡವಾಗುವುದೂ ಉಂಟು.

2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಬದುಕಿರುವವರೆಗೆ ಸೆರೆವಾಸ ಎಂದು ಬರೆದಾಗ (ತೀರ್ಪಿನ ವಿರುದ್ಧ ಅವರು ಹೈಕೋರ್ಟ್ ಮೆಟ್ಟಿಲೇರಿದ್ದಾರೆ) ‘ಹಾಗಾದರೆ ಬೇರೆ ಜೀವಾವಧಿಗಳೆಲ್ಲ ಬದುಕಿರುವವರೆಗೆ ಅಲ್ಲವೇ?’ ಎಂದು ಕೇಳಿದವರಿದ್ದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಬ್ರಿಟಿಷರ ಕಾಲದಲ್ಲಿ ಗಲ್ಲಿನ ಕೆಳಗಿನ ಶಿಕ್ಷೆ ಕರಿನೀರು. ಅಪರಾಧಿಯನ್ನು ಹಡಗು ಹತ್ತಿಸಿ ಅಂಡಮಾನಿಗೆ ಸಾಗಿಸುತ್ತಿದ್ದರು. 1955ರ ತಿದ್ದುಪಡಿಯೊಂದು ದಂಡಸಂಹಿತೆಯಿಂದ ಆ ಗಡಿಪಾರನ್ನು ಕಿತ್ತು ಹಾಕಿ, ಅದರ ಜಾಗದಲ್ಲಿ ಜೀವಾವಧಿ ಸೆರೆವಾಸವನ್ನು ಕೂರಿಸಿತು. ದಂಡಸಂಹಿತೆಯ 57ನೇ ಕಲಮು ಮಾತ್ರ ಮೊದಲಿನಂತೆಯೇ ಉಳಿಯಿತು: ಶಿಕ್ಷೆಯ ಭಾಗಗಳನ್ನು ಲೆಕ್ಕ ಹಾಕುವಾಗ ಜೀವಾವಧಿಯನ್ನು 20 ವರ್ಷವೆಂದು ಎಣಿಸತಕ್ಕದ್ದು. ಜೀವಾವಧಿ ಶಿಕ್ಷೆಯ ಅಪರಾಧಕ್ಕೆ ಯತ್ನಿಸಿ ವಿಫಲನಾದವನಿಗೆ ಅದರ ಅರ್ಧ ಎಂದು ಕಾನೂನು ಹೇಳುತ್ತದೆ. ಆಯುಷ್ಯದ ಅರ್ಧ ಎಷ್ಟೆಂದು ಯಾವ ನ್ಯಾಯಾಧೀಶರಿಗೆ ಗೊತ್ತು? ಆ ಒಂದು ಅನುಕೂಲಕ್ಕಾಗಿ ಬರೆದ ಸಾಲು ಅದು. ಈಗಿನ ಭಾರತೀಯ ನ್ಯಾಯ ಸಂಹಿತೆಯ 6ನೇ ಕಲಮಿನಲ್ಲೂ ಅದೇ ಇದೆ. ಆದರೆ ಜೈಲಿನೊಳಗಿದ್ದವರು, ಅವರ ವಕೀಲರು ಆ ಸಾಲನ್ನು ಬೇರೆಯಾಗಿ ಓದಿಕೊಂಡರು. ಜೀವಾವಧಿ ಎಂದರೆ 20 ವರ್ಷ. ಅದರಲ್ಲಿ ನಡತೆ, ಕೆಲಸಕ್ಕೆ ಸಿಗುವ ಮಾಫಿ ಕಳೆದರೆ ಉಳಿದದ್ದು ಹದಿನಾಲ್ಕೋ ಹದಿನೈದೋ.

ಈ ವಾದವನ್ನು ಸುಪ್ರೀಂ ಕೋರ್ಟ್ ಮುಂದೆ ಒಯ್ದವನು ಗೋಪಾಲ ಗೋಡ್ಸೆ. ಗಾಂಧಿ ಹತ್ಯೆಯ ಸಂಚಿನಲ್ಲಿ 1949ರಲ್ಲಿ ಜೀವಾವಧಿ ಗಡಿಪಾರಿನ ಶಿಕ್ಷೆಗೆ ಒಳಗಾದವನು, ನಾಥೂರಾಮನ ತಮ್ಮ. ಕಳೆದ ವರ್ಷಗಳಿಗೆ ಗಳಿಸಿದ ಮಾಫಿಯ ದಿನಗಳನ್ನು ಸೇರಿಸಿದರೆ 20 ವರ್ಷ ಭರ್ತಿಯಾಯಿತು, ಬಿಟ್ಟುಬಿಡಿ ಎಂಬುದು ಅವನ ಅರ್ಜಿ. ಆ ಮಾಫಿಯ ಮೊತ್ತವೇ ಎರಡು ಸಾವಿರ ದಿನಗಳಿಗಿಂತ ಹೆಚ್ಚಿತ್ತು. 1961ರಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿ, ಇಂದಿಗೂ ಬದಲಾಗದ ಮಾತೊಂದನ್ನು ಹೇಳಿತು: ಜೀವಾವಧಿ ಎಂದರೆ ಅಪರಾಧಿಯ ಉಳಿದ ಇಡೀ ಬದುಕು. ಮಾಫಿ ಎಷ್ಟೇ ಗಳಿಸಿರಲಿ, ಸರ್ಕಾರ ಆದೇಶ ಹೊರಡಿಸದ ಹೊರತು ಬಾಗಿಲು ತಾನಾಗಿ ತೆರೆಯುವುದಿಲ್ಲ. ಗೋಡ್ಸೆ ಹೊರಬಂದದ್ದು 1964ರಲ್ಲಿ, ಸರ್ಕಾರದ ಆದೇಶದಿಂದಲೇ.

ಹಾಗಾದರೆ ಹದಿನಾಲ್ಕು ಎಲ್ಲಿಂದ ಬಂತು? ಎಪ್ಪತ್ತರ ದಶಕದ ಹೊತ್ತಿಗೆ ಸರ್ಕಾರಗಳ ಕೈ ವಿಪರೀತ ಸಡಿಲವಾಗಿತ್ತು. ಕೊಲೆ ಮಾಡಿ ಜೀವಾವಧಿಗೆ ಒಳಗಾದವರು ಐದಾರು ವರ್ಷಕ್ಕೇ ಮನೆ ಸೇರಿದ ಉದಾಹರಣೆಗಳು ಸಂಸತ್ತಿನ ಮುಂದೆ ಬಂದವು. ಅದಕ್ಕೆ ತಡೆಯಾಗಿ 1978ರ ಡಿಸೆಂಬರಿನಿಂದ ದಂಡಪ್ರಕ್ರಿಯಾ ಸಂಹಿತೆಗೆ 433ಎ ಎಂಬ ಹೊಸ ಕಲಮು ಸೇರಿತು. ಇಂದಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 475. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧದಲ್ಲಿ ಜೀವಾವಧಿ ಸಿಕ್ಕಿದ್ದರೆ, ಕನಿಷ್ಠ 14 ವರ್ಷ ಒಳಗಿರದೆ ಬಿಡುವಂತಿಲ್ಲ. ಸರ್ಕಾರಗಳ ಅವಸರಕ್ಕೆ ಹಾಕಿದ ಲಗಾಮು ಅದು. ಮರುವರ್ಷಗಳಲ್ಲಿ ಇದನ್ನು ಕೈದಿಗಳು ಗುಂಪುಗುಂಪಾಗಿ ಪ್ರಶ್ನಿಸಿದರು. 1980ರ ಮಾರುರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಲಮನ್ನು ಎತ್ತಿಹಿಡಿಯಿತು. ಕೆಳಗಿನ ಮಿತಿಯಾಗಿ ಬಂದದ್ದು ಜನರ ಬಾಯಲ್ಲಿ ಮೇಲಿನ ಮಿತಿಯಾಯಿತು. ಸಿನಿಮಾದವರೂ ಇದಕ್ಕೆ ಕೈಲಾದಷ್ಟು ಕೊಡುಗೆ ಕೊಟ್ಟರು.

ಇನ್ನು ದಿನಗಳ ಲೆಕ್ಕಕ್ಕೆ ಬರೋಣ. ಜೈಲಿನ ಒಳಗೆ ನಿಜವಾದ ವ್ಯವಹಾರ ನಡೆಯುವುದೇ ಇದರಲ್ಲಿ.

ಮಾಫಿ ಎಂದರೆ ಶಿಕ್ಷೆಯಿಂದ ಕಳೆಯುವ ದಿನಗಳು. ನಡತೆ ಚೆನ್ನಾಗಿದ್ದರೆ ತಿಂಗಳಿಗೆ ಮೂರು ದಿನ, ಕೊಟ್ಟ ಕೆಲಸ ಸರಿಯಾಗಿ ಮಾಡಿದರೆ ಇನ್ನು ಮೂರು ದಿನ ಎನ್ನುತ್ತದೆ ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ. ಅಡುಗೆಮನೆಯಂಥ, ರಜೆಯೇ ಇಲ್ಲದ ಕೆಲಸಕ್ಕೆ ಇನ್ನೂ ಸ್ವಲ್ಪ ಹೆಚ್ಚು. ದಿನಗಳ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಬೇರೆ, ತತ್ವ ಒಂದೇ. ಏಳು ವರ್ಷದ ಶಿಕ್ಷೆಯವನಿಗೆ ಇದು ನೇರ ಲಾಭ. ತಿಂಗಳಿಗೆ ಆರು ದಿನದ ದರದಲ್ಲಿ ಒಂದೂ ಕಪ್ಪು ಚುಕ್ಕೆ ಇಲ್ಲದೆ ನಡೆದುಕೊಂಡರೆ ಐದು ವರ್ಷ ಹತ್ತು ತಿಂಗಳ ಆಸುಪಾಸಿಗೆ ಆಚೆ ಬರುತ್ತಾನೆ. ಯಾರ ದಯೆಯೂ ಬೇಕಿಲ್ಲ, ಜೈಲಿನ ರಿಜಿಸ್ಟರೇ ಅವನನ್ನು ಬಿಡಿಸುತ್ತದೆ. ಮಾದಕ ವಸ್ತು ಕಾಯ್ದೆಯಡಿ ಶಿಕ್ಷೆಯಾದವರಿಗೆ ಮಾತ್ರ ಈ ಸೌಲಭ್ಯವಿಲ್ಲ.

ಜೀವಾವಧಿಯವರ ಕತೆ ಬೇರೆ. ಕಲ್ಪಿತ ಕೈದಿಯೊಬ್ಬನನ್ನು ತೆಗೆದುಕೊಂಡು ಕೂಡಿ ಕಳೆದರೆ ಅರ್ಥವಾಗುತ್ತದೆ. 2008ರ ಜೂನ್ 1ರಂದು ಕೊಲೆ ಆರೋಪದಲ್ಲಿ ಬಂಧನ. ಜಾಮೀನು ಸಿಗದೆ ಮೂರು ವರ್ಷ ವಿಚಾರಣಾಧೀನನಾಗಿ ಜೈಲು. 2011ರಲ್ಲಿ ಜೀವಾವಧಿ. ಹೈಕೋರ್ಟಿನಲ್ಲಿ ಮೇಲ್ಮನವಿ ಬಾಕಿ ಇರುವಾಗ ಎರಡು ವರ್ಷ ಜಾಮೀನಿನ ಮೇಲೆ ಹೊರಗೆ. ಮೇಲ್ಮನವಿ ವಜಾ ಆಗಿ ಮತ್ತೆ ಒಳಗೆ. ನಡುನಡುವೆ ಪೆರೋಲ್ ಮೇಲೆ ಒಟ್ಟು 200 ದಿನ ಊರಿಗೆ ಹೋಗಿಬಂದಿದ್ದಾನೆ. ಇವನ 14 ವರ್ಷ ಯಾವಾಗ ಮುಗಿಯುತ್ತದೆ?

ವಿಚಾರಣೆಯ ಮೂರು ವರ್ಷ ಲೆಕ್ಕಕ್ಕೆ ಸೇರುತ್ತದೆ. ಜೀವಾವಧಿ ಕೈದಿಗೂ ಅದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದೆ. ಜಾಮೀನಿನ ಎರಡು ವರ್ಷ ಸೇರದು. ಪೆರೋಲಿನ 200 ದಿನವೂ ಸೇರದು. ಗೋವಾದ ಕೈದಿಗಳ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಅದು ಇತ್ಯರ್ಥವಾಯಿತು. ಪೆರೋಲ್ ಸೇರಿಸಿದರೆ, ಪ್ರಭಾವವಿರುವ ಕೈದಿ ಮತ್ತೆ ಮತ್ತೆ ಹೊರಗೆ ಹೋಗಿ 14 ವರ್ಷವನ್ನು ಮನೆಯಲ್ಲೇ ಮುಗಿಸಿಬಿಡುತ್ತಾನೆ ಎಂಬುದು ಕಾರಣ. ಇವನು ವರ್ಷವರ್ಷ ಬೆವರು ಸುರಿಸಿ ಕೂಡಿಟ್ಟ ಎರಡು ವರ್ಷಕ್ಕೂ ಮಿಕ್ಕ ಮಾಫಿ? 14 ವರ್ಷದ ಮಟ್ಟಿಗೆ ಅದಕ್ಕೆ ಕಾಸಿನ ಬೆಲೆ ಇಲ್ಲ. ಕಲಮು ಹೇಳುವುದು ನಿಜವಾಗಿ ಕಳೆದ ದಿನಗಳನ್ನು. ಹೀಗೆ 2022ಕ್ಕೆ ಮುಗಿಯುತ್ತದೆಂದು ಮನೆಯವರು ಬೆರಳು ಮಡಿಚಿ ಕಾಯುತ್ತಿದ್ದ ಹದಿನಾಲ್ಕು, 2024ರ ಡಿಸೆಂಬರಿಗೆ ಬಂದು ನಿಲ್ಲುತ್ತದೆ. ಅಂದಿಗೆ ಅವನಿಗೆ ಸಿಗುವುದು ಬಿಡುಗಡೆ ಅಲ್ಲ, ಬಿಡುಗಡೆಯ ಬಗ್ಗೆ ಯೋಚಿಸಿ ಎಂದು ಕೇಳುವ ಹಕ್ಕು.

ಇಲ್ಲಿಂದ ಮುಂದಿನದು ಕಡತದ ಪ್ರಯಾಣ. ಜೈಲು ಅಧೀಕ್ಷಕರು ಕೈದಿಯ ನಡತೆ, ಕೆಲಸ, ಶಿಸ್ತುಕ್ರಮ, ಕಾಯಿಲೆ ಎಲ್ಲ ಬರೆದು ಕಡತ ಶುರು ಮಾಡುತ್ತಾರೆ. ಕೈದಿಯ ಊರಿನ ಪೊಲೀಸರ ವರದಿ ಬರಬೇಕು. ಮನೆಯವರು ಕರೆದುಕೊಳ್ಳುತ್ತಾರೋ ಇಲ್ಲವೋ ಎಂದು ಪ್ರೊಬೇಷನ್ ಅಧಿಕಾರಿ ಹೋಗಿ ಕೇಳಿ ಬರೆಯಬೇಕು. ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯ ಬೇಕು. ಆಗ ಅಂದಿನ ನ್ಯಾಯಾಧೀಶರು ನಿವೃತ್ತರಾಗಿ, ಆ ಕುರ್ಚಿಯಲ್ಲಿ ಪ್ರಕರಣದ ಹೆಸರನ್ನೂ ಕೇಳಿರದವರು ಕೂತಿರುತ್ತಾರೆ. ಅಲ್ಲಿಂದ ಸಲಹಾ ಸಮಿತಿ, ಗೃಹ ಇಲಾಖೆ, ಸಚಿವ ಸಂಪುಟ, ಕೊನೆಗೆ ರಾಜ್ಯಪಾಲರು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ‘ಸನ್ನಡತೆ ಆಧಾರದ ಮೇಲೆ ಇಷ್ಟು ಕೈದಿಗಳ ಬಿಡುಗಡೆ’ ಎಂಬ ಸುದ್ದಿಯ ಹಿಂದೆ ಇರುವುದು ಇಷ್ಟು ಮೇಜುಗಳು.

ಈ ಮೇಜುಗಳಲ್ಲಿ ಏನನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ, ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಹೇಳಿದೆ. ಅಪರಾಧ ಸಮಾಜವನ್ನು ಕದಡಿದ್ದೋ, ಇಬ್ಬರ ನಡುವಿನ ಜಗಳವೋ. ಮತ್ತೆ ಮಾಡುವ ಸಾಧ್ಯತೆ ಇದೆಯೋ. ಮಾಡುವ ಶಕ್ತಿಯೇ ಉಡುಗಿಹೋಗಿದೆಯೋ. ಇನ್ನೂ ಒಳಗಿಟ್ಟುಕೊಂಡು ಸಾಧಿಸುವುದೇನು. ಕುಟುಂಬದ ಸ್ಥಿತಿ ಹೇಗಿದೆ. ಒಳ್ಳೆಯ ಪ್ರಶ್ನೆಗಳು. ಆದರೆ ‘ಬಿಡುಗಡೆ ಮಾಡಿದಲ್ಲಿ ಗ್ರಾಮದ ಶಾಂತಿ ಕದಡುವ ಸಂಭವವಿದೆ’ ಎಂಬ ಒಂದೇ ಸಾಲಿನ ಪೊಲೀಸ್ ವರದಿ ಈ ಐದು ಪ್ರಶ್ನೆಗಳನ್ನೂ ನುಂಗಿ ಕೂರಬಲ್ಲದು. ಅದನ್ನು ಬರೆಯುವ ಠಾಣೆಯವರನ್ನು ದೂರಿ ಪ್ರಯೋಜನವಿಲ್ಲ. ಬಿಡಿ ಎಂದು ಬರೆದು ನಾಳೆ ಏನಾದರೂ ಆದರೆ ಹೊಣೆ ಅವರದ್ದು, ಬೇಡ ಎಂದು ಬರೆದರೆ ಕೇಳುವವರಿಲ್ಲ. ನ್ಯಾಯಾಧೀಶರ ಅಭಿಪ್ರಾಯವೂ ಯಾಂತ್ರಿಕವಾಗಬಾರದು, ಕಾರಣ ಬರೆಯಬೇಕು ಎಂದು 2022ರಲ್ಲಿ ಛತ್ತೀಸಗಢದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು ಎಂದರೆ ಹೇಗೆ ಬರೆಯಲಾಗುತ್ತಿತ್ತು ಎಂದು ಊಹಿಸಬಹುದು.

ಇದೇ ಕಡತ ಇನ್ನೊಂದು ದಿಕ್ಕಿಗೂ ಜಾರಬಲ್ಲದು. 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಬಿಟ್ಟಿತು. ಹೊರಗೆ ಹಾರ ಹಾಕಿ ಸ್ವಾಗತಿಸಿದ್ದನ್ನು ದೇಶ ನೋಡಿತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ವಿಚಾರಣೆ ನಡೆದು ಶಿಕ್ಷೆಯಾದದ್ದು ಮುಂಬೈನಲ್ಲಿ. ಹಾಗಾಗಿ ಬಿಡುವ ಅಧಿಕಾರವೇನಿದ್ದರೂ ಮಹಾರಾಷ್ಟ್ರಕ್ಕೆ, ಗುಜರಾತಿಗೆ ಇಲ್ಲವೇ ಇಲ್ಲ ಎಂಬುದು ಮುಖ್ಯ ಕಾರಣ. ಅಪರಾಧ ಎಲ್ಲಿ ನಡೆಯಿತು, ಕೈದಿ ಯಾವ ಜೈಲಿನಲ್ಲಿದ್ದಾನೆ ಎಂಬುದು ಈ ವಿಷಯದಲ್ಲಿ ಗಣನೆಗೆ ಬಾರದು. ಹನ್ನೊಂದು ಜನ ಅದೇ ತಿಂಗಳು ಗೋಧ್ರಾ ಜೈಲಿಗೆ ಹಿಂದಿರುಗಿದರು. ಒಂದು ಕಡೆ ಬಿಡಬೇಕಾದವನ ಕಡತಕ್ಕೆ ಧೂಳು, ಇನ್ನೊಂದು ಕಡೆ ಬಿಡಬಾರದವರ ಕಡತಕ್ಕೆ ರೆಕ್ಕೆ. ಎರಡರ ಬೇರೂ ಒಂದೇ. ಈ ನಿರ್ಧಾರಗಳು ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಆಗುತ್ತವೆ. ನ್ಯಾಯಾಧೀಶರು ಶಿಕ್ಷೆ ಕೊಡುವಾಗ ನೂರಾರು ಪುಟ ಕಾರಣ ಬರೆಯುತ್ತಾರೆ. ಅದೇ ಶಿಕ್ಷೆ ಎಷ್ಟು ವರ್ಷ ಎಂದು ನಿಜವಾಗಿ ತೀರ್ಮಾನಿಸುವ ಸಮಿತಿ ಒಂದು ಪುಟದಲ್ಲಿ ಮುಗಿಸುತ್ತದೆ, ಅದನ್ನೂ ನೀವು ನಾವು ಓದುವಂತಿಲ್ಲ.

ಈ ಅಪನಂಬಿಕೆಯಿಂದಲೇ ನ್ಯಾಯಾಲಯಗಳು ಹೊಸ ಬಗೆಯ ಶಿಕ್ಷೆಯೊಂದನ್ನು ಹುಟ್ಟುಹಾಕಿದವು. ಅದು ಹುಟ್ಟಿದ್ದು ಬೆಂಗಳೂರಿನ ಪ್ರಕರಣದಲ್ಲಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಕೀರಾ 1991ರಲ್ಲಿ ಕಾಣೆಯಾದರು. ಮೂರು ವರ್ಷದ ನಂತರ ಅವರದೇ ಬಂಗಲೆಯ ಅಂಗಳ ಅಗೆದಾಗ ಪೆಟ್ಟಿಗೆಯೊಳಗೆ ಅಸ್ಥಿ ಸಿಕ್ಕಿತು. ಎರಡನೆಯ ಗಂಡ ಸ್ವಾಮಿ ಶ್ರದ್ಧಾನಂದ ಎಂಬ ಮುರಳಿ ಮನೋಹರ ಮಿಶ್ರಾನಿಗೆ ಕೆಳ ನ್ಯಾಯಾಲಯ ಗಲ್ಲು ವಿಧಿಸಿತು, ಕರ್ನಾಟಕ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಒಬ್ಬರು ಗಲ್ಲು ಎಂದರೆ ಇನ್ನೊಬ್ಬರು ಜೀವಾವಧಿ ಎಂದರು. ವಿಷಯ ಮೂವರ ಪೀಠಕ್ಕೆ ಹೋಯಿತು. ಆ ಪೀಠ ಕರ್ನಾಟಕದ ಜೈಲು ನಿಯಮಗಳನ್ನೂ ಮಾಫಿಯ ಪದ್ಧತಿಯನ್ನೂ ಬಿಡಿಸಿ ನೋಡಿತು. ಗಲ್ಲಿಗೇರಿಸುವಷ್ಟು ಅಲ್ಲ, ಆದರೆ ಬರಿಯ ಜೀವಾವಧಿ ಎಂದು ಬರೆದರೆ 14 ವರ್ಷಕ್ಕೆ ಬಿಟ್ಟುಬಿಡುತ್ತಾರೆ, ಅದೂ ತೀರ ಕಡಿಮೆ. ನಡುವಿನ ಈ ದೊಡ್ಡ ಖಾಲಿ ಜಾಗವನ್ನು ತುಂಬಬೇಕು ಎಂದು 2008ರ ಜುಲೈನಲ್ಲಿ ಆ ಪೀಠ ‘ಬದುಕಿನ ಕೊನೆಯವರೆಗೆ, ಬಿಡುಗಡೆ ಇಲ್ಲದೆ’ ಎಂದು ಆದೇಶ ಬರೆಯಿತು. 1994ರಲ್ಲಿ ಬಂಧಿತನಾದ ಶ್ರದ್ಧಾನಂದನ ಅರ್ಜಿಯನ್ನು 2024ರಲ್ಲೂ ಸುಪ್ರೀಂ ಕೋರ್ಟ್ ಕೇಳಲಿಲ್ಲ.

2015ರಲ್ಲಿ, ರಾಜೀವ್ ಗಾಂಧಿ ಹಂತಕರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ದಾರಿಗೆ ಬಹುಮತದಿಂದ ಮುದ್ರೆ ಒತ್ತಿತು. ಗಲ್ಲಿಗೆ ಬದಲಾಗಿ 20, 25, 30 ವರ್ಷ ಮಾಫಿ ಇಲ್ಲದೆ ಎಂದು ಬರೆಯಬಹುದು, ಆದರೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ಎಂದಿತು. ಎಷ್ಟೇ ಗಟ್ಟಿಯಾಗಿ ಬರೆದರೂ ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಸಂವಿಧಾನದ 72 ಮತ್ತು 161ನೇ ವಿಧಿಗಳು ಕೊಟ್ಟಿರುವ ಕ್ಷಮೆಯ ಅಧಿಕಾರವನ್ನು ಯಾವ ನ್ಯಾಯಾಲಯವೂ ಮುಟ್ಟಲಾಗದು. ಶಾಸಕಾಂಗವೂ ಹಿಂದೆ ಬೀಳಲಿಲ್ಲ. 2013ರ ನಂತರ ಅತ್ಯಾಚಾರದ ಗಂಭೀರ ಪ್ರಕರಣಗಳಲ್ಲಿ ಜೀವಾವಧಿ ಎಂದರೆ ಉಳಿದ ಸಹಜ ಬದುಕು ಪೂರ್ತಿ ಎಂದು ಕಲಮಿನಲ್ಲೇ ಬಿಡಿಸಿ ಬರೆಯಲಾಯಿತು. ಜನಪ್ರತಿನಿಧಿಗಳ ನ್ಯಾಯಾಲಯದ ತೀರ್ಪಿನಲ್ಲಿ ಆ ಮಾತು ಬಂದದ್ದು ಅಲ್ಲಿಂದ. 1961ರಲ್ಲೇ ಹೇಳಿದ್ದನ್ನು ಮತ್ತೆ ಒತ್ತಿ ಹೇಳಬೇಕಾಗಿ ಬಂತು, ಅಷ್ಟೇ.

ಹಾಗೆಂದು ಈ ಹೊಸ ಶಿಕ್ಷೆ ಎಲ್ಲವನ್ನೂ ಸರಿಮಾಡಿತು ಎನ್ನಲಾರೆ. ದೆಹಲಿಯ ನಿತೀಶ್ ಕಟಾರಾ ಕೊಲೆ ಪ್ರಕರಣದ ಸುಖದೇವ್ ಯಾದವನಿಗೆ ಸಿಕ್ಕಿದ್ದು ಮಾಫಿಯಿಲ್ಲದ 20 ವರ್ಷ. 2025ರ ಮಾರ್ಚಿಗೆ ಅದು ಮುಗಿಯಿತು. ಆದರೂ ಅಧಿಕಾರಿಗಳು ಬಿಡಲಿಲ್ಲ; ಜೀವಾವಧಿ ಕೈದಿಯಲ್ಲವೇ, ಸಮಿತಿ ಒಪ್ಪಬೇಕು ಎಂದರು. ಸಮಿತಿ ಒಪ್ಪಲಿಲ್ಲ. ಮತ್ತೆ ನ್ಯಾಯಮೂರ್ತಿ ನಾಗರತ್ನ ಅವರ ಪೀಠ, ಅದೇ ವರ್ಷ ಆಗಸ್ಟಿನಲ್ಲಿ, ನ್ಯಾಯಾಲಯವೇ ಅಂಕಿ ಬರೆದು ಕೊಟ್ಟ ಶಿಕ್ಷೆ ಮುಗಿದ ಮೇಲೆ ಯಾರ ಅನುಮತಿಯೂ ಬೇಕಿಲ್ಲ, ದೇಶದಲ್ಲಿ ಹೀಗೆ ಅವಧಿ ಮೀರಿ ಒಳಗಿರುವವರು ಯಾರಾದರೂ ಇದ್ದರೆ ಹುಡುಕಿ ಬಿಡಿ ಎಂದು ಎಲ್ಲ ರಾಜ್ಯಗಳ ಗೃಹ ಕಾರ್ಯದರ್ಶಿಗಳಿಗೆ ಆದೇಶ ತಲುಪಿಸಿತು. ಶಿಕ್ಷೆ ಮುಗಿದವರನ್ನು ಬಿಡಿ ಎಂದು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತು.

‘ಎರಡು ಜೀವಾವಧಿ’, ‘ಮೂರು ಜೀವಾವಧಿ’ ಎಂಬ ತಲೆಬರಹಗಳ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಒಂದರ ಮೇಲೊಂದು ಪೇರಿಸಿ ಇನ್ನೂರು ಮುನ್ನೂರು ವರ್ಷ ಶಿಕ್ಷೆ ಕೊಡುವುದುಂಟು. ನಮ್ಮಲ್ಲಿ ಅದು ನಡೆಯದು. ಇರುವುದು ಒಂದೇ ಪ್ರಾಣ, ಆದ್ದರಿಂದ ಜೀವಾವಧಿಗಳು ಒಟ್ಟಿಗೇ ಸಾಗುತ್ತವೆ ಎಂದು 2016ರಲ್ಲಿ ಸಂವಿಧಾನ ಪೀಠ ತೀರ್ಮಾನಿಸಿದೆ.

ಇಷ್ಟು ವರ್ಷ ಒಳಗೆ ಇರುವವನು ಮಾಡುವುದೇನು? ಜೀವಾವಧಿ ಕಠಿಣ ಶಿಕ್ಷೆಯೇ, ಕೆಲಸ ಕಡ್ಡಾಯ. ದುಡಿಸಿಕೊಂಡು ಕೂಲಿ ಕೊಡದಿರುವುದು ತಪ್ಪು, ಕೂಲಿಯಲ್ಲಿ ಒಂದು ಪಾಲು ಸಂತ್ರಸ್ತರ ಪರಿಹಾರಕ್ಕೆ ಹೋಗಬೇಕು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಈಗ ಕುಶಲವಲ್ಲದ ಕೆಲಸಕ್ಕೂ ದಿನಕ್ಕೆ 500 ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಇದೆ. ದೇಶದಲ್ಲೇ ಇದು ಒಳ್ಳೆಯ ದರ. ಮರಗೆಲಸ, ನೇಯ್ಗೆ, ಬೇಕರಿ, ಅಡುಗೆ, ಕಚೇರಿ ಬರವಣಿಗೆ, ಲೈಬ್ರರಿ ಹೀಗೆ ಯಾವುದಾದರೂ ಒಂದಕ್ಕೆ ಹಚ್ಚುತ್ತಾರೆ. ಸಂಜೆ ಎಣಿಕೆಯಾಗಿ ಬ್ಯಾರಕ್ಕಿಗೆ ಬೀಗ ಬಿದ್ದರೆ ಮತ್ತೆ ಬೆಳಿಗ್ಗೆಯೇ. ಹೊಸದಾಗಿ ಬಂದ ವಿಚಾರಣಾಧೀನರ ಗಲಾಟೆಗೆ ಹೋಲಿಸಿದರೆ ಜೀವಾವಧಿಯವರ ಬ್ಯಾರಕ್ಕು ಶಾಂತ ಎಂದು ಜೈಲು ಸಿಬ್ಬಂದಿಯೇ ಹೇಳುತ್ತಾರೆ. ಅವರಿಗೆ ಕಳೆದುಕೊಳ್ಳಲು ಒಂದು ವಸ್ತು ಇದೆ: ನಡತೆಯ ದಾಖಲೆ. ಆ ಆಸೆಯನ್ನೂ ಕಿತ್ತುಕೊಂಡರೆ ವಾರ್ಡರುಗಳು ಯಾವುದನ್ನು ತೋರಿಸಿ ಅವರನ್ನು ಹಿಡಿದಿಡುತ್ತಾರೆ? ಬಿಡುಗಡೆ ಇಲ್ಲದ ಶಿಕ್ಷೆಯನ್ನು ಚಪ್ಪಾಳೆ ತಟ್ಟಿ ಸ್ವಾಗತಿಸುವವರು ಈ ಪ್ರಶ್ನೆಯನ್ನು ಕೇಳಿಕೊಂಡಂತಿಲ್ಲ.

ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕೈದಿಗಳನ್ನು ಕಟ್ಟಿಕೊಂಡು ನಾಟಕ ಮಾಡಿಸಿದಾಗ ಬಣ್ಣ ಹಚ್ಚಿದವರಲ್ಲಿ ಹೆಚ್ಚಿನವರು ಹೀಗೆ ದೀರ್ಘ ಶಿಕ್ಷೆಯವರೇ. ಜೈಲಿನ ಗೋಡೆಯಾಚೆಯ ರಂಗಮಂದಿರಗಳಿಗೂ ಅವರನ್ನು ಕರೆತಂದು ಆಡಿಸಿದರು. ದೇವನಹಳ್ಳಿ ತಾಲೂಕಿನ ಕೊರಮಂಗಲದಲ್ಲಿ (ಬೆಂಗಳೂರಿನ ಕೋರಮಂಗಲವಲ್ಲ, ಇದು ಹಳ್ಳಿ) ಬಯಲು ಬಂದೀಖಾನೆ ಇದೆ. ನಡತೆ ನೋಡಿ ಆರಿಸಿದ ಕೈದಿಗಳು ಅಲ್ಲಿ ಹೊಲಗೆಲಸ ಮಾಡುತ್ತಾರೆ. ಓಡಿಹೋಗಬಹುದಾದ ಜಾಗದಲ್ಲಿ ಓಡಿಹೋಗದೆ ಇರುವುದಕ್ಕಿಂತ ದೊಡ್ಡ ಸನ್ನಡತೆಯ ಸಾಕ್ಷಿ ಯಾವ ಸಮಿತಿಗೆ ಬೇಕು? ಆದರೆ ಅಲ್ಲಿ ಜಾಗವಿರುವುದು ಬೆರಳೆಣಿಕೆಯ ಜನಕ್ಕೆ. ರಾಜ್ಯದ ದೊಡ್ಡ ದೊಡ್ಡ ಕಾರಾಗೃಹಗಳ ಪಕ್ಕದಲ್ಲಿ ಅದೊಂದು ಪುಟ್ಟ ಪ್ರಯೋಗವಾಗಿಯೇ ಉಳಿದಿದೆ.

ಪೆರೋಲ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಉದಾರಿ. ಮದುವೆಯಾಗಲೆಂದು ಕೊಲೆ ಪ್ರಕರಣದ ಕೈದಿಯೊಬ್ಬನಿಗೆ 2023ರಲ್ಲಿ 15 ದಿನ ಕೊಟ್ಟಿತು. ಹೊಲ ನೋಡುವವರಿಲ್ಲ ಎಂದ ಇನ್ನೊಬ್ಬನಿಗೆ ಮರುವರ್ಷ ಉಳುಮೆಗೆಂದು 90 ದಿನ. ತಾಯಿಯ ತಿಥಿ, ತಂಗಿಯ ಮದುವೆ, ಮನೆ ರಿಪೇರಿ ಇವು ಸಾಮಾನ್ಯ ಕಾರಣಗಳು. ಪೆರೋಲಿನಿಂದ ವೇಳೆಗೆ ಸರಿಯಾಗಿ ಮರಳಿದ್ದು ಕಡತದಲ್ಲಿ ಒಳ್ಳೆಯ ಅಂಕ. ಒಂದು ಸಲ ತಪ್ಪಿಸಿಕೊಂಡರೆ ಹತ್ತು ವರ್ಷದ ಸನ್ನಡತೆ ನೀರುಪಾಲು.

ಇನ್ನೊಂದು ಸಂಗತಿ ಹೇಳದಿದ್ದರೆ ಚಿತ್ರ ಅಡ್ಡಾದಿಡ್ಡಿಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಇರಬೇಕಾದದ್ದು 4,36,266. ಒಳಗಿದ್ದವರಲ್ಲಿ ಶಿಕ್ಷೆಯಾದವರು 1,33,415 ಮಾತ್ರ. 4,34,302 ಮಂದಿ ವಿಚಾರಣಾಧೀನರು. ಅಂದರೆ ಕಂಬಿ ಎಣಿಸುತ್ತಿದ್ದ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಶಿಕ್ಷೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜೀವಾವಧಿಯವರೇ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದರಷ್ಟು ಕಾಲ ಒಳಗಿದ್ದ ವಿಚಾರಣಾಧೀನನಿಗೆ ಜಾಮೀನು ಕೊಡಬೇಕೆಂದು ಹೊಸ ಸಂಹಿತೆಯ 479ನೇ ಕಲಮು ಹೇಳುತ್ತದೆ. ಗಲ್ಲು ಅಥವಾ ಜೀವಾವಧಿ ವಿಧಿಸಬಹುದಾದ ಆರೋಪವಿದ್ದರೆ ಆ ಕಲಮು ಅನ್ವಯಿಸದು. ಹಾಗಾಗಿ ಕೊಲೆ ಆರೋಪಿಯೊಬ್ಬ ಐದಾರು ವರ್ಷ ಒಳಗಿದ್ದು, ಕೊನೆಗೆ ನಿರ್ದೋಷಿ ಎಂದು ಹೊರಬರುವುದು ಇಲ್ಲಿ ಯಾರನ್ನೂ ಬೆಚ್ಚಿಬೀಳಿಸದ ಸುದ್ದಿ. ಅವನ ಆ ವರ್ಷಗಳು ಯಾವ ಲೆಕ್ಕದಲ್ಲೂ ಜಮೆಯಾಗುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಜೀವಾವಧಿ ಕೈದಿಗಳನ್ನೆಲ್ಲ 14 ವರ್ಷಕ್ಕೆ ಬಿಡಬೇಕು ಎಂದಲ್ಲ. ಬಿಡಲೇಬಾರದವರು ಇದ್ದಾರೆ. ಕೊಲೆಯಾದವರ ಮನೆಯವರಿಗೆ ಹದಿನಾಲ್ಕು ವರ್ಷ ಏನೇನೂ ಅಲ್ಲ ಎನ್ನಿಸುವುದು ಸಹಜ. ಬಿಡುಗಡೆಯ ಸುದ್ದಿ ಅವರಿಗೆ ಪೇಪರಿನಿಂದ ತಿಳಿಯುವ ಇಂದಿನ ಪದ್ಧತಿ ಅಮಾನವೀಯ. ಆದರೆ ಯಾರನ್ನು ಬಿಡಬೇಕು, ಯಾರನ್ನು ಬೇಡ ಎಂಬುದು ಗುಟ್ಟಾಗಿ ಇರಬಾರದು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ: ಬಿಡುಗಡೆಯ ನೀತಿ ಇರುವ ರಾಜ್ಯಗಳು ಅರ್ಹ ಕೈದಿ ಅರ್ಜಿ ಹಾಕಲಿ ಬಿಡಲಿ, ತಾವಾಗಿಯೇ ಪರಿಶೀಲಿಸಬೇಕು, ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, ಬಿಡುವಾಗ ಹಾಕುವ ಷರತ್ತು ಪಾಲಿಸಲು ಸಾಧ್ಯವಾಗುವಂತಿರಬೇಕು. ಕರ್ನಾಟಕ ಸರ್ಕಾರ ಇದಕ್ಕೆ ಇನ್ನೆರಡು ಸೇರಿಸಲಿ. ಪ್ರತಿ ತೀರ್ಮಾನದ ಕಾರಣವನ್ನು ಇಲಾಖೆಯ ಜಾಲತಾಣದಲ್ಲಿ ಹಾಕಲಿ. ಕಡತ ಸಮಿತಿಯ ಕೈ ಸೇರುವ ಮೊದಲೇ ಸಂತ್ರಸ್ತರ ಮನೆಯವರನ್ನು ಕರೆದು ಕೇಳಲಿ. ಎರಡಕ್ಕೂ ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು.

ನಿಮ್ಮ ಮನೆಯವರೋ ಊರಿನವರೋ ಯಾರಾದರೂ ಒಳಗಿದ್ದರೆ ಒಂದು ಕೆಲಸ ಮಾಡಿ. ಅವರು ನಿಜವಾಗಿ ಕಳೆದ ದಿನಗಳೆಷ್ಟು, ಪೆರೋಲ್ ಮತ್ತು ಜಾಮೀನಿನ ದಿನಗಳೆಷ್ಟು, ಗಳಿಸಿದ ಮಾಫಿ ಎಷ್ಟು ಎಂದು ಜೈಲಿನ ಕಚೇರಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೈದಿಗಳಿಗೆ ವಕೀಲರನ್ನು ಉಚಿತವಾಗಿ ಕೊಡುತ್ತದೆ, ಆದಾಯದ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಅವರ ಸಹಾಯವಾಣಿ 15100.